ಸೆಲ್ಯುಲಾಯ್ಡಿನ ಹುಟ್ಟು ಮತ್ತು ಅಳಿವು

ಪ್ಲಾಸ್ಟಿಕ್ ಎಂದೊಡನೆ 'ಅದು ಕೊಳೆಯದು, ಕರಗದು, ಮಣ್ಣಿನಲ್ಲಿ ಹೂತರೂ ಹಾಗೆಯೇ ಉಳಿಯುವುದು' ಎಂಬ ಮಾತು ಇಂದು ಎಲ್ಲರ ಬಾಯಲ್ಲಿಯೂ ಕೇಳಿಬರುತ್ತದೆ. ಪಾಲಿಥೀನ್ ಚೀಲದ ಮಟ್ಟಿಗೆ ಈ ಮಾತು ಬಹುಪಾಲು ಸರಿಯೇ. ಆದರೆ ಪ್ಲಾಸ್ಟಿಕ್ ಎಂಬುದು ಒಂದು ವಸ್ತುವಿನ ಹೆಸರಲ್ಲ, ಒಂದು ಕುಲದ ಹೆಸರು. ಆ ಕುಲದಲ್ಲಿ ದೀರ್ಘಾಯುಗಳೂ ಉಂಟು, ಅಲ್ಪಾಯುಗಳೂ ಉಂಟು. ಯಾವುದರ ಆಯುಸ್ಸು ಎಷ್ಟು, ಯಾವುದಕ್ಕೆ ಯಾವ ಬಗೆಯ ಮರಣ ಎಂಬುದು ಅದರ ಅಣುವಿನ ಕಟ್ಟಡದಲ್ಲಿಯೇ ಅಡಗಿರುತ್ತದೆ. ಈ ಕುಲದ ಹಿರಿಯಣ್ಣನಾದ ಸೆಲ್ಯುಲಾಯ್ಡು ಅಲ್ಪಾಯುಗಳ ಸಾಲಿಗೆ ಸೇರಿದುದು. ಅಷ್ಟೇ ಅಲ್ಲ, ತಾನು ಅಳಿಯುವಾಗ ತನ್ನ ಮೇಲೆ ಬರೆದಿಟ್ಟ ನೆನಪುಗಳನ್ನೂ ಜೊತೆಗೆ ಕೊಂಡೊಯ್ದುದು. ೧೯೩೪ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ವನ್ನು ನೋಡಬೇಕೆಂದು ಇಂದು ನಮಗೆ ಎಷ್ಟೇ ಹಂಬಲವಿದ್ದರೂ ಅದರ ಒಂದು ಪ್ರತಿಯೂ ದೊರೆತಿಲ್ಲ. ಇದು ಹೀಗೇಕಾಯಿತೆಂಬುದನ್ನು ಅರಿಯಬೇಕಾದರೆ ಚಿತ್ರಮಂದಿರವನ್ನು ಬಿಟ್ಟು ಮೊದಲು ರಸಾಯನಶಾಲೆಯೊಳಕ್ಕೆ ಹೋಗಬೇಕಾಗುತ್ತದೆ.

ಹತ್ತಿಯ ಅರಳೆ ಬಹುಮಟ್ಟಿಗೆ ಸೆಲ್ಯುಲೋಸ್ ಎಂಬ ಒಂದೇ ಪದಾರ್ಥದಿಂದ ಆದುದು. ಗ್ಲೂಕೋಸ್ ಸಕ್ಕರೆಯ ಸಾವಿರಾರು ಘಟಕಗಳು ಒಂದರ ಕೈಯನ್ನೊಂದು ಹಿಡಿದು ನಿಂತ ನೀಳವಾದ ಸರಪಣಿಯೇ ಸೆಲ್ಯುಲೋಸಿನ ಅಣು. ಇಂಗಾಲ, ಜಲಜನಕ, ಆಮ್ಲಜನಕ, ಈ ಮೂರನ್ನು ಬಿಟ್ಟರೆ ಬೇರೊಂದು ಮೂಲವಸ್ತು ಅದರಲ್ಲಿಲ್ಲ. ಸರಪಣಿಯ ಒಂದೊಂದು ಕೊಂಡಿಯಿಂದಲೂ ಆಮ್ಲಜನಕ–ಜಲಜನಕಗಳ ಮೂರು ಜೋಡಿಗಳು ಹೊರಕ್ಕೆ ಚಾಚಿಕೊಂಡಿರುತ್ತವೆ. ನೈಟ್ರಿಕ್ ಆಮ್ಲ ಮತ್ತು ಗಂಧಕಾಮ್ಲಗಳ ಮಿಶ್ರಣದಲ್ಲಿ ಅರಳೆಯನ್ನು ಅದ್ದಿದರೆ, ಈ ಜೋಡಿಗಳ ಸ್ಥಾನದಲ್ಲಿ ಸಾರಜನಕವೂ ಆಮ್ಲಜನಕವೂ ಕೂಡಿದ ನೈಟ್ರೇಟ್ ಗುಂಪುಗಳು ಬಂದು ಕುಳಿತುಕೊಳ್ಳುತ್ತವೆ. ಗಂಧಕಾಮ್ಲದ ಕೆಲಸ ಮುಖ್ಯವಾಗಿ ಹುಟ್ಟಿದ ನೀರನ್ನು ಹೀರಿಕೊಳ್ಳುವುದು. ತೊಳೆದು ಒಣಗಿಸಿದ ಮೇಲೆ ನೋಡಿದರೆ ಅರಳೆ ಅರಳೆಯಾಗಿಯೇ ಕಾಣುತ್ತದೆ. ಗುಣ ಮಾತ್ರ ಬೇರೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪ್ರಾಧ್ಯಾಪಕನಾದ ಕ್ರಿಶ್ಚಿಯನ್ ಫ್ರೀಡ್ರಿಕ್ ಷೋನ್‌ಬೈನನು ೧೮೪೬ರಲ್ಲಿ ಇದನ್ನು ಲೋಕಕ್ಕೆ ಸಾರಿದನು. ಚೆಲ್ಲಿದ ಆಮ್ಲವನ್ನು ಆತನು ಹೆಂಡತಿಯ ಹತ್ತಿಬಟ್ಟೆಯಿಂದ ಒರೆಸಿ ಒಲೆಯ ಬಳಿ ಒಣಗಹಾಕಿದಾಗ ಅದು ಭಗ್ಗೆಂದು ಮಾಯವಾಯಿತೆಂಬ ಕಥೆಯೊಂದುಂಟು. ಕಥೆಯನ್ನು ನಂಬಿದರೂ ಬಿಟ್ಟರೂ ವಸ್ತುವಿನ ಸ್ವಭಾವವನ್ನು ಅದು ಚೆನ್ನಾಗಿ ಹೇಳುತ್ತದೆ.

ಮೂರು ಸ್ಥಾನಗಳಲ್ಲಿಯೂ ಬಹುತೇಕ ನೈಟ್ರೇಟ್ ಗುಂಪುಗಳೇ ತುಂಬಿ, ಸಾರಜನಕದ ಪ್ರಮಾಣ ನೂರಕ್ಕೆ ಹದಿಮೂರನ್ನು ಮೀರಿದರೆ ಅದು ತೋಪಿಗೆ ತುಂಬುವ ಸಿಡಿಮದ್ದಿನ ಹತ್ತಿ. ಮೂರರಲ್ಲಿ ಸರಾಸರಿ ಎರಡು ಮಾತ್ರ ತುಂಬಿ, ಸಾರಜನಕ ನೂರಕ್ಕೆ ಹನ್ನೊಂದರ ಸುಮಾರಿನಲ್ಲಿ ನಿಂತರೆ ಅದು ಸಿಡಿಯುವುದಿಲ್ಲ. ಆದರೆ ಉರಿಯುವ ಆತುರವನ್ನು ಬಿಡುವುದೂ ಇಲ್ಲ. ಈಥರು ಮತ್ತು ಮದ್ಯಸಾರಗಳಲ್ಲಿ ಇದು ಕರಗಿ ಅಂಟಾಗುತ್ತದೆ. ಗಾಯದ ಮೇಲೆ ಬಳಿದರೆ ತೆಳ್ಳನೆಯ ಪೊರೆಯಾಗಿ ನಿಲ್ಲುತ್ತದೆ. ಆ ಅಂಟಿನ ಹೆಸರು ಕೊಲೋಡಿಯನ್. ೧೮೫೧ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರನು ಇದನ್ನೇ ಗಾಜಿನ ಮೇಲೆ ಹೊಯ್ದು ಛಾಯಾಚಿತ್ರ ತೆಗೆಯುವ ಕ್ರಮವನ್ನು ಪ್ರಕಟಿಸಿದನು. ಸಿಡಿಮದ್ದು, ಗಾಯದ ಪೊರೆ, ಚಿತ್ರದ ಗಾಜು ಮೂರಕ್ಕೂ ತಾಯಿ ಒಂದೇ ಅರಳೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅಣುವಿನಲ್ಲಿ ಒಂದು ಗುಂಪು ಹೆಚ್ಚಾದುದು, ಒಂದು ಕಡಿಮೆಯಾದುದು, ಅಷ್ಟೇ ಭೇದ.

ಈ ಅಂಟು ಒಣಗಿದಾಗ ಗಟ್ಟಿಯಾಗುತ್ತಿತ್ತು, ಆದರೆ ಮುದುಡಿ ಬಿರಿಯುತ್ತಿತ್ತು. ಇದಕ್ಕೆ ಎಣ್ಣೆ ಮುಂತಾದುವನ್ನು ಸೇರಿಸಿ ಬೇಕಾದ ಆಕಾರಕ್ಕೆ ಒತ್ತಬಹುದಾದ ವಸ್ತುವನ್ನು ಮಾಡಿದವನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಅಲೆಕ್ಸಾಂಡರ್ ಪಾರ್ಕ್ಸ್. ಆತನ 'ಪಾರ್ಕೆಸೀನ್' ೧೮೬೨ರ ಲಂಡನ್ ಪ್ರದರ್ಶನದಲ್ಲಿ ಕಂಚಿನ ಪದಕವನ್ನು ಗಳಿಸಿತು. ೧೮೬೬ರಲ್ಲಿ ಆತನು ಕಟ್ಟಿದ ಸಂಸ್ಥೆ ಮಾತ್ರ ಎರಡೇ ವರ್ಷಗಳಲ್ಲಿ ಮುಳುಗಿತು. ಸರಕು ಬಾಗಿ, ಬಿರುಕುಬಿಟ್ಟು ಹಾಳಾಗುತ್ತಿದ್ದುದೇ ಕಾರಣ. ಮನುಷ್ಯನು ಮಾಡಿದ ಮೊದಲ ಪ್ಲಾಸ್ಟಿಕ್ಕಿಗೆ ಹುಟ್ಟಿನಲ್ಲಿಯೇ ಕ್ಷಯ ಅಂಟಿಕೊಂಡಿತ್ತೆನ್ನಬಹುದು.

ಅಮೆರಿಕೆಯ ಆಲ್ಬನಿಯಲ್ಲಿ ಜಾನ್ ವೆಸ್ಲಿ ಹಯಾಟ್ ಎಂಬ ಮುದ್ರಣ ಕೆಲಸಗಾರನಿದ್ದನು. ಬಿಲಿಯರ್ಡ್ಸ್ ಚೆಂಡುಗಳಿಗೆ ಆನೆಯ ದಂತದ ಬದಲು ಬೇರೊಂದು ವಸ್ತುವನ್ನು ಕಂಡುಹಿಡಿದವರಿಗೆ ಹತ್ತು ಸಾವಿರ ಡಾಲರು ಕೊಡುವೆವೆಂದು ವ್ಯಾಪಾರಿಗಳು ಸಾರಿದ್ದರು. ಹಯಾಟನು ತನ್ನ ಅಣ್ಣನೊಡನೆ ಸೇರಿ, ನೈಟ್ರೇಟ್ ಅರಳೆಗೆ ಕರ್ಪೂರವನ್ನು ಬೆರಸಿ ಶಾಖ ಕೊಟ್ಟು ಒತ್ತಿದರೆ ಅದು ಕಣಕದಂತೆ ಮೆತ್ತಗಾಗುವುದೆಂದೂ ತಣಿದ ಮೇಲೆ ಗಟ್ಟಿಯಾಗಿ ಹೊಳೆಯುವುದೆಂದೂ ಕಂಡುಕೊಂಡು ೧೮೭೦ರಲ್ಲಿ ಹಕ್ಕುಪತ್ರವನ್ನು ಪಡೆದನು. ಇದೇ ಸೆಲ್ಯುಲಾಯ್ಡು. ಚೆಂಡುಗಳೇನೋ ಸಿದ್ಧವಾದುವು. ಕೊಲೊರಾಡೋ ಪ್ರಾಂತದ ಪಾನಗೃಹದ ಒಡೆಯನೊಬ್ಬನು, ಚೆಂಡಿಗೆ ಚೆಂಡು ತಗುಲಿ ಢಂ ಎಂದಾಗಲೆಲ್ಲ ಕೋಣೆಯಲ್ಲಿದ್ದವರೆಲ್ಲ ಪಿಸ್ತೂಲಿಗೆ ಕೈಹಾಕುತ್ತಾರೆಂದು ಬರೆದು ತಿಳಿಸಿದನೆಂದು ಹಯಾಟನೇ ಮುಂದೆ ನಗುತ್ತ ಹೇಳಿಕೊಂಡಿದ್ದಾನೆ.

ಇಲ್ಲಿ ಕರ್ಪೂರದ ಪಾತ್ರವೇನು? ಹೋಳಿಗೆಗೆ ಕಣಕ ನಾದುವಾಗ ನಮ್ಮ ತಾಯಂದಿರು ಎಣ್ಣೆಯನ್ನು ಹೊಯ್ದು ಮತ್ತೆ ಮತ್ತೆ ಮಿದಿಯುತ್ತಾರೆ. ಎಣ್ಣೆ ಒಳಹೊಕ್ಕಾಗ ಕಣಕ ಹರಿಯದೆ ಎಳೆದಷ್ಟೂ ಬರುತ್ತದೆ. ಹಾಗೆಯೇ ಕರ್ಪೂರದ ಸಣ್ಣ ಅಣುಗಳು ಸೆಲ್ಯುಲೋಸಿನ ನೀಳ ಸರಪಣಿಗಳ ನಡುವೆ ಹೊಕ್ಕು, ಅವು ಒಂದರ ಪಕ್ಕದಲ್ಲೊಂದು ಜಾರುವಂತೆ ಮಾಡುತ್ತವೆ. ಮೂರು ನಾಲ್ಕು ಪಾಲು ನೈಟ್ರೇಟಿಗೆ ಒಂದು ಪಾಲು ಕರ್ಪೂರ, ಇದು ಸಾಮಾನ್ಯ ಪ್ರಮಾಣ. ಆದರೆ ಕರ್ಪೂರ ಹೇಗೆಂಬುದನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಅದು ದಿನೇ ದಿನೇ ಕರಗಿ ಮಾಯವಾಗುತ್ತದೆ; ಅದಕ್ಕೆಂದೇ ನಾಲ್ಕು ಮೆಣಸಿನ ಕಾಳುಗಳನ್ನು ಅದರೊಡನೆ ಇಡುವ ವಾಡಿಕೆ. ಸೆಲ್ಯುಲಾಯ್ಡಿನ ಒಳಗಿನ ಕರ್ಪೂರವೂ ವರ್ಷಗಳುರುಳಿದಂತೆ ಹೀಗೆಯೇ ಹೊರಬೀಳುತ್ತದೆ. ಆಗ ಬಾಚಣಿಗೆಯಾಗಲಿ ಗೊಂಬೆಯಾಗಲಿ ಕುಗ್ಗಿ, ಒರಟಾಗಿ, ಮುಟ್ಟಿದರೆ ಮುರಿಯುವಂತಾಗುತ್ತದೆ. ಕರ್ಪೂರಕ್ಕೆ ಅಂದು ತೈವಾನ್ ದ್ವೀಪದ ಮರಗಳೇ ದೊಡ್ಡ ಆಸರೆ. ೧೮೯೫ರಲ್ಲಿ ಆ ದ್ವೀಪವನ್ನು ವಶಪಡಿಸಿಕೊಂಡ ಜಪಾನು ೧೮೯೯ರಲ್ಲಿ ಕರ್ಪೂರದ ವ್ಯಾಪಾರವನ್ನು ಸರ್ಕಾರದ ಏಕಸ್ವಾಮ್ಯಕ್ಕೆ ಒಳಪಡಿಸಿತು. ದೇವರ ಮುಂದೆ ಬೆಳಗುವ ವಸ್ತುವಿಗೆ ಲೋಕದ ಬಾಚಣಿಗೆಗಳ ಬೆಲೆಯನ್ನು ನಿರ್ಣಯಿಸುವ ಶಕ್ತಿ ಬಂದುದು ಹೀಗೆ.

ಒಂದು ವಿಚಿತ್ರವನ್ನು ಇಲ್ಲಿ ಹೇಳಲೇಬೇಕು. ಪಾರ್ಕ್ಸನಾಗಲಿ ಹಯಾಟನಾಗಲಿ ತಾವು ಮಾಡಿದುದರ ಒಳಕಟ್ಟನ್ನು ಬಲ್ಲವರಲ್ಲ. ಸರಪಣಿ, ಕೊಂಡಿ ಎಂದು ಮೇಲೆ ನಾವು ಸಲೀಸಾಗಿ ಬರೆದುಬಿಟ್ಟೆವು. ಆದರೆ ಇಂಥ ವಸ್ತುಗಳಲ್ಲಿ ಸಾವಿರಾರು ಘಟಕಗಳ ನೀಳವಾದ ಅಣುಗಳಿವೆ ಎಂಬ ವಾದವನ್ನು ಜರ್ಮನಿಯ ಹರ್ಮನ್ ಸ್ಟೌಡಿಂಗರನು ಮುಂದಿಟ್ಟುದು ೧೯೨೦ರಲ್ಲಿ. ಅಂದಿನ ಅನೇಕ ರಸಾಯನಜ್ಞರು ಅದನ್ನು ಒಪ್ಪದೆ ಹಾಸ್ಯಮಾಡಿದರು. ಆತನಿಗೆ ನೊಬೆಲ್ ಪಾರಿತೋಷಕ ಬಂದುದು ೧೯೫೩ರಲ್ಲಿ. ಕೈ ಮೊದಲು ಕಲಿತು, ಬುದ್ಧಿ ಅರ್ಧ ಶತಮಾನ ತಡವಾಗಿ ಅರಿತ ವಿದ್ಯೆ ಇದು.

ಸೆಲ್ಯುಲಾಯ್ಡು ಬಾಚಣಿಗೆ, ಗೊಂಬೆ, ಅಂಗಿಯ ಕಾಲರುಗಳಲ್ಲಿಯೇ ನಿಂತಿದ್ದರೆ ಅದರ ಅಳಿವಿಗೆ ನಾವು ಇಷ್ಟು ಮರುಗಬೇಕಾಗಿರಲಿಲ್ಲ. ಅಮೆರಿಕೆಯ ನೆವಾರ್ಕಿನಲ್ಲಿ ಹ್ಯಾನಿಬಲ್ ಗುಡ್ವಿನ್ ಎಂಬ ಪಾದ್ರಿಯು ಛಾಯಾಚಿತ್ರದ ಗಾಜಿನ ಬದಲು ಇದರ ತೆಳುವಾದ ಹಾಳೆಯನ್ನು ಬಳಸುವ ಕ್ರಮಕ್ಕೆ ೧೮೮೭ರಲ್ಲಿ ಅರ್ಜಿ ಹಾಕಿದನು. ಹಕ್ಕುಪತ್ರ ಕೈಸೇರಲು ಹನ್ನೊಂದು ವರ್ಷ ಹಿಡಿಯಿತು. ಅಷ್ಟರಲ್ಲಿ, ೧೮೮೯ರಲ್ಲಿಯೇ, ಜಾರ್ಜ್ ಈಸ್ಟ್‌ಮನ್ನನ ಕಂಪನಿ ನೈಟ್ರೇಟಿನ ದ್ರಾವಣವನ್ನು ಉದ್ದನೆಯ ಗಾಜಿನ ಮೇಜುಗಳ ಮೇಲೆ ಹರಡಿ ಒಣಗಿಸಿ, ಪಾರದರ್ಶಕವಾದ ಸುರುಳಿಗಳನ್ನು ಮಾರಾಟಕ್ಕೆ ತಂದಿತ್ತು. ವ್ಯಾಜ್ಯ ಮುಗಿದು ೧೯೧೪ರಲ್ಲಿ ಐವತ್ತು ಲಕ್ಷ ಡಾಲರು ತೆರಬೇಕಾಯಿತಾದರೂ ಪಾದ್ರಿ ೧೯೦೦ರಲ್ಲಿಯೇ ತೀರಿಕೊಂಡಿದ್ದನು.

ಬಾಗುವ, ಸುತ್ತಿಕೊಳ್ಳುವ, ಬೆಳಕನ್ನು ಹಾಯಗೊಡುವ ಈ ಪಟ್ಟಿಯಿಲ್ಲದೆ ಚಲನಚಿತ್ರವೇ ಇಲ್ಲ. ೧೮೯೫ರ ಡಿಸೆಂಬರ್ ೨೮ರಂದು ಪ್ಯಾರಿಸಿನಲ್ಲಿ ಲುಮಿಯೇರ್ ಸಹೋದರರು ತೋರಿಸಿದ ಚಿತ್ರಗಳು, ೧೮೯೬ರ ಜುಲೈ ೭ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಜನ ಕಂಡ ಚಿತ್ರಗಳು, ೧೯೧೩ರಲ್ಲಿ ಫಾಲ್ಕೆಯವರು ತೋರಿಸಿದ 'ರಾಜಾ ಹರಿಶ್ಚಂದ್ರ' ಎಲ್ಲವೂ ಮೂಡಿದುದು ನೈಟ್ರೇಟಿನ ಮೇಲೆಯೇ. ಪಟ್ಟಿಯ ಮೇಲೆ ಜೆಲಟಿನ್ನಿನ ಲೇಪ, ಆ ಲೇಪದೊಳಗೆ ಬೆಳ್ಳಿಯ ಅತಿ ಸೂಕ್ಷ್ಮ ಕಣಗಳು. ನಾವು ತೆರೆಯ ಮೇಲೆ ಕಾಣುತ್ತಿದ್ದ ಹರಿಶ್ಚಂದ್ರನು ವಸ್ತುತಃ ಬೆಳ್ಳಿಯ ಪುಡಿಯಿಂದಾದವನು.

ಈಗ ಅಳಿವಿನ ಮಾತು. ನೈಟ್ರೇಟ್ ಗುಂಪುಗಳು ಸರಪಣಿಗೆ ಬಲವಾಗಿ ಬಿಗಿದುಕೊಂಡಿರುವುದಿಲ್ಲ. ಸಾಧಾರಣ ಹವೆಯಲ್ಲಿಯೇ ಅವು ಒಂದೊಂದಾಗಿ ಕಳಚಿಕೊಳ್ಳುತ್ತಿರುತ್ತವೆ; ಕಳಚಿದಾಗ ಸಾರಜನಕದ ಕಂದುಬಣ್ಣದ ಅನಿಲ ಹೊರಡುತ್ತದೆ. ಹವೆಯ ತೇವದೊಡನೆ ಅದು ಕೂಡಿದರೆ ನೈಟ್ರಿಕ್ ಆಮ್ಲ, ಅಂದರೆ ಅರಳೆಯನ್ನು ಮೊದಲು ಅದ್ದಿದ್ದ ಅದೇ ಆಮ್ಲ, ಮತ್ತೆ ಹುಟ್ಟುತ್ತದೆ. ಈ ಆಮ್ಲ ಸರಪಣಿಯನ್ನು ಕಡಿದು ಇನ್ನಷ್ಟು ನೈಟ್ರೇಟನ್ನು ಕಳಚಿಹಾಕುತ್ತದೆ. ಇನ್ನಷ್ಟು ಅನಿಲ, ಇನ್ನಷ್ಟು ಆಮ್ಲ. ತನ್ನ ಫಲವೇ ತನಗೆ ಪ್ರೇರಕವಾಗುವ ಕ್ರಿಯೆ ಇದಾದುದರಿಂದ ಮೊದಲು ಆಮೆಯಂತೆ ನಡೆದು ಕೊನೆಗೆ ಕುದುರೆಯಂತೆ ಓಡುತ್ತದೆ. ಸುರುಳಿಯನ್ನು ತಗಡಿನ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಅನಿಲಕ್ಕೆ ಹೊರದಾರಿಯಿಲ್ಲದೆ ಕೇಡು ಇನ್ನೂ ಬೇಗ. ಕಾರಖಾನೆಯಲ್ಲಿ ತೊಳೆಯುವಾಗ ಗಂಧಕಾಮ್ಲದ ಅಂಶ ಚೂರು ಉಳಿದಿದ್ದರೂ ಕೆಟ್ಟಂತೆಯೇ. ಜೊತೆಗೆ ನೈಟ್ರಿಕ್ ಆಮ್ಲವು ಬೆಳ್ಳಿಯನ್ನು ಕರಗಿಸುವುದೆಂದು ಪ್ರೌಢಶಾಲೆಯ ಪ್ರಯೋಗದಲ್ಲಿ ನೋಡಿದವರಿಗೆ ಮುಂದಿನದು ತಾನಾಗಿ ಹೊಳೆಯುತ್ತದೆ. ಚಿತ್ರವನ್ನು ಹೊತ್ತ ಪಟ್ಟಿಯೇ ಚಿತ್ರವನ್ನು ತಿನ್ನುತ್ತದೆ.

ಕಣ್ಣಿಗೆ ಕಾಣುವ ಕ್ರಮವೂ ಗೊತ್ತಾದುದೇ. ಮೊದಲು ಪಟ್ಟಿ ಹಳದಿಗೆ ತಿರುಗಿ ಚಿತ್ರ ಮಸುಕಾಗುತ್ತದೆ. ಬಳಿಕ ಲೇಪ ಅಂಟಂಟಾಗಿ ಸುತ್ತಿಗೆ ಸುತ್ತು ಹತ್ತಿಕೊಳ್ಳುತ್ತದೆ. ಅಲ್ಲಲ್ಲಿ ಗುಳ್ಳೆಗಳೆದ್ದು ಜೇನಿನಂಥ ದ್ರವ ಒಸರುತ್ತದೆ. ಸುರುಳಿಯೆಲ್ಲ ಒಂದೇ ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆ. ಕೊನೆಗೆ ಡಬ್ಬಿಯನ್ನು ತೆರೆದರೆ ಕಂದುಬಣ್ಣದ, ಕಟುವಾಸನೆಯ ಪುಡಿ. ಎರಡು ಗಂಟೆಗಳ ಕಥೆ ಒಂದು ಸೇರು ಧೂಳಾಗುತ್ತದೆ.

ಅದು ನಿಧಾನದ ಸಾವು. ಅವಸರದ ಸಾವು ಬೆಂಕಿಯದು. ಸಾಮಾನ್ಯ ವಸ್ತು ಉರಿಯಲು ಹೊರಗಿನ ಗಾಳಿ ಬೇಕು. ನೈಟ್ರೇಟಾದರೋ ತನಗೆ ಬೇಕಾದ ಆಮ್ಲಜನಕವನ್ನು ಬುತ್ತಿಯಂತೆ ತನ್ನ ಮಡಿಲಲ್ಲಿಯೇ ಕಟ್ಟಿಕೊಂಡಿರುತ್ತದೆ. ಆದಕಾರಣ ಮರಳು ಮುಚ್ಚಿದರೂ ನೀರಿನಲ್ಲಿ ಮುಳುಗಿಸಿದರೂ ಹತ್ತಿದ ಉರಿ ಆರುವುದಿಲ್ಲ. ೧೯೨೯ರ ಮೇ ತಿಂಗಳಲ್ಲಿ ಅಮೆರಿಕೆಯ ಕ್ಲೀವ್‌ಲೆಂಡಿನ ಚಿಕಿತ್ಸಾಲಯವೊಂದರಲ್ಲಿ ನೈಟ್ರೇಟಿನ ಎಕ್ಸ್‌ರೇ ಫಿಲ್ಮುಗಳು ಹೊತ್ತಿಕೊಂಡು, ಅವುಗಳ ವಿಷಾನಿಲದಿಂದ ನೂರಿಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷದ ಕೊನೆಯ ದಿನ ಸ್ಕಾಟ್ಲೆಂಡಿನ ಪೇಸ್ಲಿ ಊರಿನ ಚಿತ್ರಮಂದಿರದಲ್ಲಿ ಒಂದು ಡಬ್ಬಿ ಹೊಗೆಯಾಡಿದುದೇ ತಡ, ಹೆದರಿ ಓಡಿದ ಮಕ್ಕಳು ನೂಕುನುಗ್ಗಲಿನಲ್ಲಿ ಸಿಕ್ಕಿ ಸುಮಾರು ಎಪ್ಪತ್ತು ಮಂದಿ ಅಸುನೀಗಿದರು. ಭಾರತದಲ್ಲಿ ೧೯೧೮ರಲ್ಲಿ ಮಾಡಿದ ಚಲನಚಿತ್ರ ಕಾಯಿದೆಯ ಹಿಂದೆ ಚಿತ್ರಗಳ ಪರಿಶೀಲನೆಯಷ್ಟೇ ಅಲ್ಲ, ಈ ಬೆಂಕಿಯ ಭಯವೂ ಇತ್ತು. ಅರಗಿನ ಮನೆಯ ಕಥೆಯನ್ನು ಕೇಳಿ ಬೆಳೆದ ನಮ್ಮ ಜನರಿಗೆ ಇಂಥ ಮನೆಯಲ್ಲಿ ಕುಳಿತು ಪುರಾಣಕಥೆಗಳನ್ನು ನೋಡುವ ಯೋಗ ಬಂದಿತ್ತು!

ಇಷ್ಟು ಅಪಾಯವಿದ್ದರೂ ಅದನ್ನೇಕೆ ಬಿಡಲಿಲ್ಲವೆಂದು ಯಾರಾದರೂ ಕೇಳಬಹುದು. ಅದು ಗಟ್ಟಿಮುಟ್ಟು, ಯಂತ್ರದ ಹಲ್ಲುಗಳ ಎಳೆತಕ್ಕೆ ಹರಿಯುತ್ತಿರಲಿಲ್ಲ, ಅದರ ನಿರ್ಮಲತೆ ಅಂದು ಬೇರೆ ಯಾವುದಕ್ಕೂ ಇರಲಿಲ್ಲ. ಚಿತ್ರವೆಂಬುದು ಒಂದು ಋತುವಿನ ವ್ಯಾಪಾರ. ಹತ್ತು ವರ್ಷಗಳಾಚೆಗೆ ಏನಾಗುವುದೆಂದು ಯೋಚಿಸುವ ಅಗತ್ಯವನ್ನು ಆ ವ್ಯಾಪಾರ ಕಾಣಲಿಲ್ಲ.

'ಸತಿ ಸುಲೋಚನ'ದ ವಿಚಾರ ಗಡಿನಾಡಿನ ನಮಗೆ ವಿಶೇಷ ಅಭಿಮಾನದ್ದು. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಬರೆದು, ವೈ. ವಿ. ರಾಯರು ನಿರ್ದೇಶಿಸಿದ ಈ ಚಿತ್ರದ ತಯಾರಿ ನಡೆದುದು ಇಂದು ಮಹಾರಾಷ್ಟ್ರಕ್ಕೆ ಸೇರಿರುವ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಸುಬ್ಬಯ್ಯ ನಾಯ್ಡು ಅವರು ಇಂದ್ರಜಿತು, ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಅವರು ಸುಲೋಚನೆ. ೧೯೩೪ರ ಮಾರ್ಚ್ ೩ರಂದು ಬೆಂಗಳೂರಿನ ಪ್ಯಾರಮೌಂಟ್ ಚಿತ್ರಮಂದಿರದಲ್ಲಿ ಕನ್ನಡ ಮೊದಲ ಬಾರಿಗೆ ತೆರೆಯ ಮೇಲಿಂದ ಮಾತನಾಡಿತು. ಆ ಕಾಲದ ಮೂವತ್ತೈದು ಮಿಲಿಮೀಟರಿನ ಚಿತ್ರಗಳು ಸಾಮಾನ್ಯವಾಗಿ ನೈಟ್ರೇಟಿನ ಮೇಲೆಯೇ ಅಚ್ಚಾಗುತ್ತಿದ್ದುವು. ಮೂರು ವರ್ಷ ಮೊದಲು, ೧೯೩೧ರ ಮಾರ್ಚ್ ೧೪ರಂದು, ಮುಂಬಯಿಯಲ್ಲಿ ಬಿಡುಗಡೆಯಾದ ದೇಶದ ಮೊದಲ ವಾಕ್ಚಿತ್ರ 'ಆಲಂ ಆರಾ' ಕೂಡ ಹಾಗೆಯೇ ಕಣ್ಮರೆಯಾಯಿತು. ದೇಶದಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕ ಮೂಕಚಿತ್ರಗಳಲ್ಲಿ ಉಳಿದುವು ಅತ್ಯಲ್ಪ.

ಎಲ್ಲ ಹೊರೆಯನ್ನೂ ರಸಾಯನದ ತಲೆಗೆ ಕಟ್ಟುವುದು ನ್ಯಾಯವಲ್ಲ. ಓಡಿ ಸವೆದ ಪ್ರತಿಗಳನ್ನು ಬೆಳ್ಳಿಯ ಆಸೆಗಾಗಿ ಕರಗಿಸಿದ್ದುಂಟು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪಿತವಾದುದೇ ೧೯೬೪ರಲ್ಲಿ, ಎಂದರೆ 'ಸತಿ ಸುಲೋಚನ' ತೆರೆಕಂಡ ಮೂವತ್ತು ವರ್ಷಗಳ ಮೇಲೆ. ನಮ್ಮ ಬಿಸಿಲು ಮಳೆಗಳ ನಾಡಿನಲ್ಲಿ ನೈಟ್ರೇಟಿಗೆ ಮೂವತ್ತು ವರ್ಷವೆಂದರೆ ದೀರ್ಘಕಾಲ. ಹೀಗೂ ಉಳಿದು ಸಂಗ್ರಹಕ್ಕೆ ಸೇರಿದ ನೈಟ್ರೇಟ್ ಸುರುಳಿಗಳಲ್ಲಿ ಅನೇಕವು ೨೦೦೩ರ ಜನವರಿ ೮ರಂದು ಪುಣೆಯ ಉಗ್ರಾಣಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋದುವು.

ನೈಟ್ರೇಟ್ ಗುಂಪಿನ ಬದಲು ಅಸಿಟಿಕ್ ಆಮ್ಲದ ಗುಂಪನ್ನು ಸೆಲ್ಯುಲೋಸಿನ ಕೊಂಡಿಗಳಲ್ಲಿ ಕೂರಿಸಿದರೆ ಬೆಂಕಿಯ ಭಯ ತಪ್ಪುತ್ತದೆ. ಅಸಿಟೇಟ್ ಫಿಲ್ಮಿಗೆ 'ಸೇಫ್ಟಿ' ಎಂಬ ಹೆಸರು ಬಂದುದು ಆದಕಾರಣವೇ. ಕೊಡಾಕ್ ಕಂಪನಿ ೧೯೪೮ರಲ್ಲಿ ಟ್ರೈಅಸಿಟೇಟನ್ನು ತಂದು, ೧೯೫೧ರ ಹೊತ್ತಿಗೆ ನೈಟ್ರೇಟ್ ಫಿಲ್ಮಿನ ತಯಾರಿಕೆಯನ್ನು ನಿಲ್ಲಿಸಿತು. ಇನ್ನು ಚಿತ್ರಗಳು ಚಿರಂಜೀವಿಗಳೆಂದೇ ಎಲ್ಲರೂ ತಿಳಿದರು. ಮೂರು ವರ್ಷ ಕಳೆಯುವುದರೊಳಗೆ, ೧೯೫೪ರಲ್ಲಿ, ಅಸಿಟೇಟ್ ಕೆಡುತ್ತಿದೆಯೆಂಬ ಮೊದಲ ದೂರು ಕೊಡಾಕ್ ಕಂಪನಿಯನ್ನು ಮುಟ್ಟಿತು. ದೂರು ಕೊಟ್ಟುದು ಭಾರತ ಸರ್ಕಾರ! ಸೆಕೆಯಲ್ಲಿ, ತೇವದಲ್ಲಿ ಇಟ್ಟ ಸುರುಳಿಗಳು ಕೆಟ್ಟಿದ್ದುವು. ತಣ್ಣನೆಯ ದೇಶದವರು ಬಹುಕಾಲ ಕಾಣದಿದ್ದುದನ್ನು ನಮ್ಮ ಹವೆ ಬೇಗನೆ ಹೊರಗೆಡಹಿತು. ಇಲ್ಲಿಯೂ ನಡೆಯುವುದು ಅದೇ ನಾಟಕ, ಪಾತ್ರಧಾರಿ ಬೇರೆ: ತೇವವು ಅಸಿಟೇಟ್ ಗುಂಪನ್ನು ಕಳಚುತ್ತದೆ, ಅಸಿಟಿಕ್ ಆಮ್ಲ ಹುಟ್ಟುತ್ತದೆ, ಆ ಆಮ್ಲವೇ ಕಳಚುವಿಕೆಯನ್ನು ತೀವ್ರಗೊಳಿಸುತ್ತದೆ. ಅಡಿಗೆಯ ವಿನಿಗರಿನ ಹುಳಿ ಈ ಆಮ್ಲದ್ದೇ. ಹೀಗಾಗಿ ರೋಗಕ್ಕೆ ವಿನಿಗರಿನ ಹೆಸರೇ ನಿಂತಿದೆ. ಇಪ್ಪತ್ತೊಂದು ಡಿಗ್ರಿ ಶಾಖದಲ್ಲಿ, ಮಧ್ಯಮ ತೇವದಲ್ಲಿ ಇಟ್ಟರೂ ಹೊಸ ಅಸಿಟೇಟಿಗೆ ನಲವತ್ತು ಐವತ್ತು ವರ್ಷಗಳಲ್ಲಿ ಈ ರೋಗ ಹತ್ತುತ್ತದೆ. ನಮ್ಮ ಬೇಸಿಗೆಯ ಕೋಣೆಗಳಲ್ಲಿ ಇನ್ನೂ ಬೇಗ. ನಮ್ಮ ೧೯೫೦ರ, ೧೯೬೦ರ ದಶಕಗಳ ಕಪ್ಪು ಬಿಳುಪಿನ ಚಿತ್ರಗಳ ಮೂಲಪ್ರತಿಗಳು ಎಲ್ಲೆಲ್ಲಿ ಯಾವ ಸ್ಥಿತಿಯಲ್ಲಿರಬಹುದೆಂದು ನೆನೆದರೆ ಕಳವಳವಾಗುತ್ತದೆ.

ಮುಂದೆ ಬಂದ ಪಾಲಿಯೆಸ್ಟರ್ ಈ ಎರಡಕ್ಕಿಂತ ಬಹಳ ಬಾಳಿಕೆಯದು. ೧೯೪೧ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಇಬ್ಬರೂ ಕಂಡುಹಿಡಿದ ಇದರ ಸರಪಣಿಯಲ್ಲಿ, ಹೊರಗಿನಿಂದ ಅಂಟಿಸಿದ, ಸುಲಭವಾಗಿ ಕಳಚುವ ಗುಂಪುಗಳಿಲ್ಲ. ಆದರೆ ಅದು ಬರುವಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿತ್ತು.

ನಮ್ಮ ಪೂರ್ವಿಕರು ಓಲೆಗರಿಯನ್ನು ನಂಬಿದವರು. ಗರಿಯೂ ನಶ್ವರವೇ, ಗೆದ್ದಲಿಗೂ ತೇವಕ್ಕೂ ತುತ್ತಾಗುವುದೇ. ಗರಿ ಜೀರ್ಣವಾಗುವ ಮೊದಲೇ ಮತ್ತೊಂದು ಗರಿಗೆ ಪ್ರತಿ ಮಾಡಿಸುವ ಪದ್ಧತಿಯಿಂದ ಪಂಪ ರನ್ನರು ನಮ್ಮ ತನಕ ಬಂದರು. ಫಿಲ್ಮಿನ ವಿಷಯದಲ್ಲಿಯೂ ಬಲ್ಲವರು ಕೈಗೊಂಡಿರುವ ಉಪಾಯ ಇದೇ: ತಣ್ಣಗೆ, ಒಣದಾಗಿ ಇಡುವುದು, ಕೆಡುವ ಮೊದಲು ಪ್ರತಿ ಮಾಡುವುದು. ಕಳೆದುಹೋಯಿತೆಂದುಕೊಂಡುದು ದೂರದಲ್ಲೆಲ್ಲೋ ದೊರೆತ ಉದಾಹರಣೆಗಳೂ ಇಲ್ಲದಿಲ್ಲ. ೧೯೧೯ರಲ್ಲಿ ಕಲ್ಕತ್ತೆಯಲ್ಲಿ ತಯಾರಾದ 'ಬಿಲ್ವಮಂಗಳ'ದ ಒಂದು ಭಾಗ ಫ್ರಾನ್ಸಿನ ಸಂಗ್ರಹಾಲಯದಲ್ಲಿ ಉಳಿದಿದ್ದು, ೨೦೧೬ರಲ್ಲಿ ಅದರ ಪ್ರತಿ ಪುಣೆಗೆ ಬಂದಿತು.

ಹೀಗಿರಲು, ಗಡಿಯ ಈಚೆ ಆಚೆಯ ಊರುಗಳಲ್ಲಿ ಮುಚ್ಚಿಹೋದ ಟೂರಿಂಗ್ ಟಾಕೀಸಿನವರ ಅಟ್ಟದಲ್ಲಿ ಎಲ್ಲಿಯಾದರೂ ದುಂಡನೆಯ ತಗಡಿನ ಡಬ್ಬಿಗಳು ಕಂಡರೆ ಗುಜರಿಗೆ ಕೊಡುವ ಮುನ್ನ ಒಂದು ಗಳಿಗೆ ತಡೆಯಬೇಕೆಂದು ನಮ್ಮ ಅಧ್ಯಾಪಕ ಮಿತ್ರರನ್ನು ಕೇಳಿಕೊಳ್ಳುತ್ತೇವೆ. ಹುಳಿ ಹುಳಿಯಾದ ವಾಸನೆ ಬಂದರೆ ಅದು ಅಸಿಟೇಟ್. ಕಟುವಾದ, ಮೂಗು ಸುಡುವ ವಾಸನೆ, ಹಳದಿ ಬಣ್ಣ, ಅಂಟು ಇದ್ದರೆ ನೈಟ್ರೇಟೆಂದು ಶಂಕಿಸಬೇಕು. ಪಟ್ಟಿಯ ಅಂಚಿನಲ್ಲಿ 'ನೈಟ್ರೇಟ್' ಅಥವಾ 'ಸೇಫ್ಟಿ' ಎಂಬ ಇಂಗ್ಲಿಷ್ ಅಕ್ಷರಗಳು ಅಚ್ಚಾಗಿರುವುದೂ ಉಂಟು. ನೈಟ್ರೇಟೆಂಬ ಅನುಮಾನವಿದ್ದರೆ ಬಿಸಿಲಿಗೆ ತರಬಾರದು, ದೀಪ ಬೆಂಕಿಕಡ್ಡಿಗಳನ್ನು ಹತ್ತಿರ ಒಯ್ಯಬಾರದು, ಚೂರು ಕತ್ತರಿಸಿ ಸುಟ್ಟುನೋಡುವ ಸಾಹಸವನ್ನಂತೂ ಮಕ್ಕಳಿಗೆ ಸರ್ವಥಾ ಬಿಡಬಾರದು. ಡಬ್ಬಿಯನ್ನು ನೆರಳಿನ, ತಂಪಾದ, ಜನರಿಲ್ಲದ ಕೊಠಡಿಯಲ್ಲಿಟ್ಟು, ಮೇಲಿನ ಚೀಟಿಯಲ್ಲಿ ಬರೆದುದನ್ನು ಅಕ್ಷರಶಃ ನಕಲು ಮಾಡಿಕೊಂಡು ಪುಣೆಯ ಸಂಗ್ರಹಾಲಯಕ್ಕೆ ಕಾಗದ ಬರೆಯಬೇಕು.